ಒಂದು ನಿಮಿಷ ನಲವತ್ತು ಸೆಕೆಂಡು

ಮಾಣಿಯಿಂದ ಮೂಡುಬಿದಿರೆಯವರೆಗೆ, ನಲವತ್ತು ದಾಟಿದ ಯಾರ ಮುಂದೆ ಬೇಕಾದರೂ ಆ ಹಾಡಿನ ಶುರುವನ್ನು ಗುನುಗಿ ನೋಡಿ. ಹಾಡು ಯಾವುದು, ಹಾಡಿದವರು ಯಾರು ಎಂದು ಅವರು ಹೇಳಲಾರರು. ಆದರೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಸರಿಯಾದ ಜಾಗದಲ್ಲಿ, "ಹಲೋ, ಹಲೋ, ಒನ್ ಟೂ ತ್ರೀ" ಎನ್ನುತ್ತಾರೆ. ಜಗತ್ತೆಲ್ಲ ಪೂರ್ತಿ ಕೇಳಿದ ಆ ರಾಕ್ ಆಲ್ಬಂ ನಮ್ಮ ಕಡೆ ಒಂದು ನಿಮಿಷ ನಲವತ್ತು ಸೆಕೆಂಡಿನಷ್ಟು ಮಾತ್ರ ಇದೆ. ಉಳಿದದ್ದನ್ನು ಮೈಕಣ್ಣ ಯಾರಿಗೂ ಕೇಳಿಸಲಿಲ್ಲ.

ಮೈಕಣ್ಣ ತೀರಿಕೊಂಡು ಮೂರು ವಾರವಾಯಿತು. ಅವರಿಗೊಂದು ಒಳ್ಳೆಯ ಹೆಸರಿತ್ತು, ಅಂಗಡಿಯ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲೂ ಇತ್ತು. ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರ ಹೆಸರು ಹಾಕಿ ಬರೆದು ಬೇಕಾದಷ್ಟು ತೊಂದರೆ ಮಾಡಿದ್ದೇನೆ. ಬ್ಯಾಂಡಿನ ಹೆಸರನ್ನೂ ಬರೆಯುವುದಿಲ್ಲ. ಅದರ ಅಭಿಮಾನಿಗಳು ಜಗಳಕ್ಕೆ ಹೆದರುವವರಲ್ಲ.

ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದೆ ಅವರ ಅಂಗಡಿ. ಮೈಕ್, ಆಂಪ್ಲಿಫೈಯರ್, ಧ್ವನಿಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ಚುನಾವಣೆಯ ಸಭೆ, ಯಾವುದಿದ್ದರೂ ಅವರ ಮೆಟಡೋರ್ ಮೊದಲು ಬಂದು ನಿಲ್ಲುತ್ತಿತ್ತು. ಸಣಕಲು ಮನುಷ್ಯ. ಅರ್ಧ ತೋಳಿನ ಬಿಳಿ ಅಂಗಿಯ ಜೇಬಿನಲ್ಲಿ, ಪೆನ್ನು ಇರಬೇಕಾದ ಕಡೆ, ಒಂದು ಟೆಸ್ಟರ್. ನಾನು ಡಿಗ್ರಿ ಓದುತ್ತಿದ್ದಾಗ ಸಾಹಿತ್ಯ ಸಂಘದ ಕಾರ್ಯದರ್ಶಿಯಾಗಿ ಮೈಕ್ ಕೇಳಲು ಹೋದದ್ದು, ಹಾಗೆ ಪರಿಚಯ.

ಅವರು ಸೆಟ್ ಕಟ್ಟಿದ ಮೇಲೆ ಒಂದು ಶಾಸ್ತ್ರವಿತ್ತು. ಕ್ಯಾಸೆಟ್ ಹಾಕಿ, ಸಭೆಯ ನಟ್ಟನಡುವೆ ಬಂದು ನಿಂತು, ಕಣ್ಣು ಮುಚ್ಚಿ, ಎಡಗಿವಿಯನ್ನು ವೇದಿಕೆಗೆ ಕೊಟ್ಟು, ಬಲಗೈಯ ತೋರುಬೆರಳನ್ನು ಎತ್ತುತ್ತಿದ್ದರು. ಆ ಬೆರಳು ಕೆಳಗಿಳಿಯುವವರೆಗೆ ಯಾರೂ ಮಾತಾಡುವ ಹಾಗಿಲ್ಲ. ಒಮ್ಮೆ ಮುಖ್ಯ ಅತಿಥಿಯೊಬ್ಬರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಹಾರ ಹಾಕಿಸಿಕೊಂಡು, ನೇರ ಮೈಕಿನ ಮುಂದೆ ಹೋಗಿ, ಗಂಟಲು ಸರಿಮಾಡಿಕೊಂಡು ನಿಂತರು. ಬೆರಳು ಮೇಲೆಯೇ ಇತ್ತು. ಅತಿಥಿಗಳು ಹಾರದ ಹೂವನ್ನು ಒಂದೊಂದಾಗಿ ಕೀಳುತ್ತಾ ಹಾಡು ಕೇಳಿದರು.

ಹಾಡು ಶುರುವಾಗುವುದು ಹೊಟ್ಟೆಯಲ್ಲಿ ಗುದ್ದಿದಂಥ ಒಂದು ಡ್ರಮ್ಮಿನಿಂದ. ಆಮೇಲೆ ಎಡದ ಪೆಟ್ಟಿಗೆಯಲ್ಲಿ ಒಂದು ಗಿಟಾರು, ಸ್ವಲ್ಪ ಬಿಟ್ಟು ಬಲದ ಪೆಟ್ಟಿಗೆಯಲ್ಲಿ ಇನ್ನೊಂದು. ಆಮೇಲೆ ಮಡಕೆ ಒಡೆದಂಥ ಗಂಟಲಿನ ಒಬ್ಬ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಎಲ್ಲರೂ ಒಟ್ಟಿಗೆ. ಅಷ್ಟರಲ್ಲಿ ಯಾವ ಪೆಟ್ಟಿಗೆ ಹಾಳಾಗಿದೆ, ಯಾವ ವಯರು ಸಡಿಲ ಎಂದು ಅವರಿಗೆ ತಿಳಿದಿರುತ್ತಿತ್ತು. ಬೆರಳು ಇಳಿಯುತ್ತಿತ್ತು, ಹಾಡು ನಿಲ್ಲುತ್ತಿತ್ತು, ಅವರ ಹಲೋ ಬರುತ್ತಿತ್ತು.

ಕ್ಯಾಸೆಟ್ ಅವರಿಗೆ ಸಿಕ್ಕಿದ್ದು ಭಾವನಿಂದ. ಗಲ್ಫಿನಿಂದ ಟೇಪ್ ಡೆಕ್ ತಂದವರು, ಸರಿ ಇದೆಯೋ ಇಲ್ಲವೋ ನೋಡಲು ಇರಲಿ ಎಂದು ಜೊತೆಗೊಂದು ಕ್ಯಾಸೆಟ್ ತಂದಿದ್ದರು. ಅದರ ಹೊದಿಕೆಯ ಮೇಲೆ ಒಂದು ಬಯಲು, ಅದರಲ್ಲಿ ನಮಗೆ ಬೆನ್ನು ತೋರಿಸಿ ನಿಂತ ಉದ್ದ ಕೂದಲಿನ ನಾಲ್ವರು. ಪರೀಕ್ಷೆಗೆಂದು ಬಂದದ್ದು ಪರೀಕ್ಷೆಗೇ ಉಳಿಯಿತು.

ನನ್ನೊಡನೆ ಅವರು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಈ ಬ್ಯಾಂಡಿನ ವಿಷಯ ಬಂದರೆ ಮಾತ್ರ ಕನ್ನಡಕ್ಕೆ ಬರುತ್ತಿದ್ದರು, ವೇದಿಕೆ ಹತ್ತಿದವರ ಹಾಗೆ, ನಿಧಾನವಾಗಿ.

"ಇವರು ಮೈಕಿನವನ ಕಷ್ಟ ಗೊತ್ತಿದ್ದವರು," ಎಂದರು ಒಂದು ದಿನ. "ಒಬ್ಬನ ಮೇಲೆ ಒಬ್ಬ ಬೀಳುದಿಲ್ಲ. ಎಲ್ಲರಿಗೂ ಜಾಗ ಬಿಟ್ಟಿದ್ದಾರೆ. ನಿಮ್ಮ ಸಾಹಿತ್ಯ ಸಂಘದವರಿಗೆ ಒಮ್ಮೆ ಕೇಳಿಸ್ಬೇಕು."

"ನಿಮಗೆ ತುಂಬಾ ಇಷ್ಟವಾ?"

"ಗೌರವ ಉಂಟು."

ಹೀಗೇ ಹೇಳಿದರೇ? ಆ ವರ್ಷದ ನನ್ನ ದಿನಚರಿಯಲ್ಲಿ "ಮೈಕಣ್ಣನಿಗೆ ರಾಕ್ ಎಂದರೆ ಪ್ರಾಣ" ಎಂದಿದೆ. ಅವರ ಉತ್ತರವನ್ನು ನಾನು ಅಂದೇ ತಪ್ಪಾಗಿ ಕೇಳಿಸಿಕೊಂಡೆನೋ, ಅಥವಾ ಈಗ ಎಲ್ಲ ಗೊತ್ತಾದ ಮೇಲೆ ಸರಿಯಾದ ಉತ್ತರವನ್ನು ಅವರ ಬಾಯಿಗೆ ಇಡುತ್ತಿದ್ದೇನೋ, ಖಚಿತವಾಗಿ ಹೇಳಲಾರೆ. ಆ ವಯಸ್ಸಿನಲ್ಲಿ ನನಗೆ ಸಿಕ್ಕಿದವರೆಲ್ಲರಿಗೂ ಯಾವುದಾದರೊಂದು ಪ್ರಾಣವಾಗಿರುತ್ತಿತ್ತು.

ಆಮೇಲಿನದು ಖಚಿತ. ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಯಾವುದೋ ಬಾಡಿಗೆಯ ಮೈಕ್ ಹಿಂದಿರುಗಿಸಲು ಹೋದೆ. ಅಂಗಡಿಯ ನೆಲ ಒರೆಸಿ, ಆಂಪ್ಲಿಫೈಯರುಗಳಿಗೆ ಸೇವಂತಿಗೆ ಮಾಲೆ ಹಾಕಿ, ಹಾರ್ನುಗಳಿಗೆ ಗಂಧ ಹಚ್ಚಿದ್ದರು. ಇಕ್ಕಳ, ಟೆಸ್ಟರ್, ಬೆಸುಗೆ ಕಡ್ಡಿಗಳ ಸಾಲಿನಲ್ಲಿ ಆ ಕ್ಯಾಸೆಟ್ಟಿನ ಹೊದಿಕೆಯೂ ಇತ್ತು. ನಾಲ್ವರದ್ದೂ ಹಣೆ ಕಾಣದ ಕಾರಣ ಬೆನ್ನಿಗೇ ಕುಂಕುಮ ಇಟ್ಟಿದ್ದರು. ಡೆಕ್ಕಿನಲ್ಲಿ ಕ್ಯಾಸೆಟ್ ಓಡುತ್ತಿತ್ತು, ಅವರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಕೈ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಒಂದು ಬದಿ ಮುಗಿಯಿತು. ಎದ್ದು, ಕ್ಯಾಸೆಟ್ ಮಗುಚಿ ಹಾಕಿ, ಮತ್ತೆ ಕೂತರು. ನಾನು ಬಾಗಿಲಲ್ಲಿ ಚಪ್ಪಲಿ ಕಳಚಿ ಕೈಮುಗಿದು ನಿಂತಿದ್ದೆ.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ನನ್ನ ಲೇಖನ ಬಂತು. "ಸಾವಿರ ಕಂಬದ ಊರಿನಲ್ಲಿ ರಾಕ್ ಸಂಗೀತದ ಆರಾಧಕ." ಶೀರ್ಷಿಕೆ ನನ್ನದೇ. ಅದನ್ನು ಯಾರೋ ಊರಿನ ಪತ್ರಿಕೆಯೊಂದಕ್ಕೆ ಕೊಟ್ಟರು, ಅವರು ಫೋಟೋ ತೆಗೆಯಲು ಬಂದು ಮೈಕಣ್ಣನ ಕೈಯಲ್ಲಿ ಎಲ್ಲಿಂದಲೋ ಒಂದು ಗಿಟಾರು ಕೊಟ್ಟು ನಿಲ್ಲಿಸಿದರು. ಅದನ್ನು ಅವರು ಹಿಡಿದದ್ದು ವಯರಿನ ಸುರುಳಿ ಹಿಡಿದ ಹಾಗೆ, ಹೆಗಲಿಗೆ ಒರಗಿಸಿ.

ಆಮೇಲೆ ಗಲ್ಫಿನಿಂದ ರಜೆಯಲ್ಲಿ ಬಂದವರು ಮೈಕಣ್ಣನಿಗೆಂದು ಅದೇ ಬ್ಯಾಂಡಿನ ಒಂದೊಂದು ಆಲ್ಬಂ ತರತೊಡಗಿದರು. ನಾಲ್ವರ ಬೆನ್ನು ಅಚ್ಚಾದ ಕಪ್ಪು ಟೀ ಶರ್ಟು ಬಂತು. ಹುಬ್ಬಳ್ಳಿ, ಬೆಂಗಳೂರಿನ ಕಡೆಯಿಂದ ಓದಲು ಬಂದ ಹಾಸ್ಟೆಲಿನ ಹುಡುಗರು ಸಂಜೆ ಅಂಗಡಿಗೆ ಬಂದು, ಯಾವ ಆಲ್ಬಂ ಶ್ರೇಷ್ಠ ಎಂದು ಕೇಳುತ್ತಿದ್ದರು. ಮೈಕಣ್ಣ ಅವರಿಗೆ ಚಹಾ ತರಿಸಿ, ಧ್ವನಿಪೆಟ್ಟಿಗೆಗೆ ಹಲಸಿನ ಹಲಗೆ ಯಾಕೆ ಒಳ್ಳೆಯದು ಎಂದು ಒಂದು ಗಂಟೆ ವಿವರಿಸುತ್ತಿದ್ದರು. ಹುಡುಗರು ಗಂಭೀರವಾಗಿ ತಲೆಯಾಡಿಸಿ ಹೋಗುತ್ತಿದ್ದರು.

ನಾನು ಎಂ.ಎ. ಮುಗಿಸಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಉಜಿರೆಗೆ ಉಪನ್ಯಾಸಕನಾಗಿ ಬಂದೆ. ಬೆಳ್ತಂಗಡಿಯಲ್ಲಿ ಒಂದು ಪುಸ್ತಕ ಬಿಡುಗಡೆ ಇತ್ತು, ಮೈಕ್ ಅವರದ್ದೇ ಎಂದು ಗೊತ್ತಾಗಿ, ಆ ಬ್ಯಾಂಡಿನ ಹೊಸ ಆಲ್ಬಮ್ಮಿನ ಸಿ.ಡಿ. ತೆಗೆದುಕೊಂಡು ಹೋದೆ. ಅವರು ಎರಡೂ ಕೈಯಲ್ಲಿ ಇಸಿದುಕೊಂಡರು, ಕಣ್ಣಿಗೆ ಒತ್ತಿಕೊಂಡರು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮಾಸ್ಟ್ರೆ, ಒಂದು ಕೇಳ್ತೇನೆ. ಬೇಜಾರು ಮಾಡ್ಬಾರದು."

"ಕೇಳಿ."

"ಇವರು ಇನ್ನು ಎಷ್ಟು ಮಾಡ್ತಾರೆ?"

"ಎಂತ?"

"ಆಲ್ಬಂ. ನಿಲ್ಲಿಸುವ ಅಂದಾಜು ಏನಾದ್ರೂ ಉಂಟಾ? ವಯಸ್ಸಾಯ್ತಲ್ಲ ಅವರಿಗೂ."

ನಾನು ನಗಬೇಕೋ ಬೇಡವೋ ಎಂದು ಅವರ ಮುಖ ನೋಡಿದೆ. ಅವರು ಲೆಕ್ಕ ಹಾಕುತ್ತಿದ್ದರು.

"ಇದು ಸೇರಿ ಒಂಬತ್ತಾಯ್ತು. ಆಯುಧಪೂಜೆಗೆ ಬೆಳಿಗ್ಗೆ ಏಳಕ್ಕೆ ಕೂತರೆ ಏಳುವಾಗ ಮಧ್ಯಾಹ್ನ ಎರಡಾಗ್ತದೆ. ಸೊಂಟ ಹಿಡೀತದೆ ಮಾರಾಯ್ರೆ."

"ಅಲ್ಲ, ನಿಮಗೆ ಇಷ್ಟ ಅಂತ..."

"ಇಷ್ಟ ಅಂತ ಯಾರು ಹೇಳಿದ್ದು?"

ಹೇಳಿದ್ದು ಯಾರು ಎಂದು ಇಬ್ಬರಿಗೂ ಗೊತ್ತಿತ್ತು. ಅವರು ನನ್ನ ಮರ್ಯಾದೆ ಉಳಿಸಲು ಆಚೆ ಕಡೆ ತಿರುಗಿ, ಒಂದು ವಯರನ್ನು ಸುಮ್ಮನೆ ಸುತ್ತತೊಡಗಿದರು.

"ನಾನು ಸ್ಕ್ರೂಡ್ರೈವರಿಗೂ ಪೂಜೆ ಮಾಡ್ತೇನೆ," ಎಂದರು. "ಸ್ಕ್ರೂಡ್ರೈವರಿನ ಆರಾಧಕ ಅಂತ ಬರೀತೀರಾ?"

"ಹಾಗಾದ್ರೆ ಪೂರ್ತಿ ಕೂತು ಕೇಳುದು ಯಾಕೆ?"

"ವರ್ಷ ಇಡೀ ಅವರ ಬಾಯಿ ಅರ್ಧದಲ್ಲಿ ಮುಚ್ಚಿಸ್ತೇನೆ. ಒಂದು ದಿನವಾದ್ರೂ ಮಾತು ಮುಗಿಸ್ಲಿಕ್ಕೆ ಬಿಡ್ಬೇಕಲ್ಲ? ಅನ್ನ ಕೊಟ್ಟವರು." ವಯರು ಸುತ್ತುತ್ತಲೇ ಸೇರಿಸಿದರು: "ನಾಲ್ಕನೇ ಹಾಡಿಗೆ ನನಗೆ ತಲೆ ಸಿಡೀಲಿಕ್ಕೆ ಶುರು. ಎಲ್ಲ ಒಂದೇ ಹಾಗೆ ಕೇಳ್ತದೆ. ಆದ್ರೆ ಕೆಲಸ ನೋಡಿ, ಒಂದು ಕಡೆ ಕುಂಯ್ ಅಂತ ಇಲ್ಲ. ಅದಕ್ಕೆ ಕೈಮುಗಿಯುದು."

"ಮತ್ತೆ ಉಳಿದ ಎಂಟನ್ನು ಯಾಕೆ ಕೇಳ್ತೀರಿ? ಅವು ಅನ್ನ ಕೊಡ್ಲಿಲ್ಲವಲ್ಲ."

"ಅಷ್ಟು ದೂರದಿಂದ ತಂದು ಕೊಟ್ಟಿದ್ದಾರೆ. ಕೇಳಿದ್ರಾ ಅಂತ ಕೇಳಿದ್ರೆ ಸುಳ್ಳು ಹೇಳುದಾ?"

ಹಾಗಾದರೆ ಅವರಿಗೆ ನಿಜವಾಗಿ ಕೇಳಲು ಇಷ್ಟವಾಗುವುದು ಏನು ಎಂದು ವಿಚಾರಿಸಿದೆ. ಯೋಚಿಸಿಯೇ ಉತ್ತರಿಸಿದರು. ಮನೆಗೆ ಹೋಗಿ ಮಲಗಿದಾಗ ಫ್ಯಾನನ್ನು ಎರಡರಲ್ಲಿ ಇಟ್ಟರೆ ಬರುವ ಸದ್ದು. ಮೂರರಲ್ಲಿ ಇಟ್ಟರೆ ಸ್ವಲ್ಪ ಜಾಸ್ತಿಯಾಯಿತಂತೆ.

ನಾನು ತಿದ್ದಿ ಬರೆಯುತ್ತೇನೆ ಎಂದೆ. ಬೇಡ ಎಂದರು. ಗಲ್ಫಿನಿಂದ ತಂದವರಿಗೆ ಏನೆನಿಸೀತು, ಲೇಖನ ಬರೆದ ನನಗೇ ಏನು ಮರ್ಯಾದೆ ಉಳಿದೀತು. "ನಾನಿರುವವರೆಗೆ ಬೇಡ" ಎಂದರು ಎಂದು ನನ್ನ ನೆನಪು. ಆ ದಿನದ ದಿನಚರಿ ತೆಗೆದು ನೋಡಿದ್ದೇನೆ: "ಬೆಳ್ತಂಗಡಿ. ಮೈಕಣ್ಣ. ಒಂಬತ್ತಾಯ್ತಂತೆ. ಬೇಡ ಎಂದರು." ಅಷ್ಟೇ. "ನಾನಿರುವವರೆಗೆ" ಎಂಬುದು ಅಲ್ಲಿಲ್ಲ. ಅದು ಅವರ ಮಾತೋ, ನನಗೆ ಮುಂದೆ ಬೇಕಾದೀತೆಂದು ನಾನು ಸೇರಿಸಿಕೊಂಡದ್ದೋ?

ಈ ಪ್ರಶ್ನೆ ಸುಮ್ಮನೆ ಕುತೂಹಲಕ್ಕೆ ಹುಟ್ಟಿದ್ದಲ್ಲ. ಅವರು ತೀರಿಕೊಂಡ ವಾರದಲ್ಲಿ, ಉತ್ತರಕ್ರಿಯೆಯ ವಿಷಯಕ್ಕೆ, ಅವರ ಮಗಳ ಫೋನ್ ಬಂತು. ಬಂಟ್ವಾಳದ ಕಡೆ ಶಾಲೆಯೊಂದರಲ್ಲಿ ಟೀಚರ್.

"ಅಂಕಲ್, ಬೊಜ್ಜದ ದಿನ ನುಡಿನಮನ ನೀವೇ ಮಾಡ್ಬೇಕು. ಅಪ್ಪನ ಬಗ್ಗೆ ಮೊದಲು ಬರೆದದ್ದು ನೀವಲ್ವಾ? ಆ ಲೇಖನ ಲ್ಯಾಮಿನೇಶನ್ ಮಾಡಿಸಿದ್ದೇವೆ, ಫೋಟೋದ ಹತ್ತಿರ ಇಡ್ತೇವೆ."

"ಆಗ್ಬಹುದು."

"ಕಾರ್ಡಿನಲ್ಲೂ ಹಾಕಿಸಿದ್ದೇವೆ. ಹೆಸರಿನ ಕೆಳಗೆ 'ರಾಕ್ ಸಂಗೀತದ ಆರಾಧಕ' ಅಂತ. ಊಟದ ಹೊತ್ತಿಗೆ ಅಪ್ಪನಿಗೆ ಪ್ರೀತಿಯ ಹಾಡುಗಳನ್ನೇ ಹಾಕುವ ಅಂತ ಉಂಟು."

ಇಪ್ಪತ್ತರ ಹರೆಯದಲ್ಲಿ, ಒಂದು ಬೆಳಗಿನ ಅರ್ಧ ಗಂಟೆ ನೋಡಿ ನಾನು ಬರೆದ ಮೂರು ಪದ, ಒಬ್ಬ ಮನುಷ್ಯನ ಹೆಸರಿನ ಕೆಳಗೆ ಕೊನೆಯ ಸಲ ಅಚ್ಚಾಗಿತ್ತು. ಸುಮ್ಮನಿದ್ದರೆ ಅದೇ ಅವರಾಗಿ ಉಳಿಯುತ್ತದೆ. ಬಾಯಿಬಿಟ್ಟರೆ, ತಂದೆಯನ್ನು ಹಾಗೆಯೇ ನಂಬಿಕೊಂಡ ಮಗಳ ಮುಂದೆ, ಅದೇ ದಿನ, ಅದನ್ನು ಕಿತ್ತುಕೊಂಡಂತೆ. ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಮಾಣಿಯ ಹತ್ತಿರದ ಒಂದು ಸಭಾಭವನದಲ್ಲಿ ಬೊಜ್ಜ. ನಾನು ಹೋಗುವಾಗ ಬಂಟ್ವಾಳದ ಇನ್ನೊಬ್ಬ ಮೈಕಿನವರು ಸೆಟ್ ಜೋಡಿಸುತ್ತಿದ್ದರು. ಮೈಕಣ್ಣನ ವಯಸ್ಸಿನವರೇ, ವ್ಯಾಪಾರದಲ್ಲಿ ಎದುರಾಳಿ. ಅವರ ಮೈಕು ಸಣ್ಣಗೆ ಕುಂಯ್ ಎನ್ನುತ್ತಿತ್ತು. ಮೇಜಿನ ಮೇಲೆ ಮೈಕಣ್ಣನ ಹಳೆಯ ಡೆಕ್, ಅದರ ಹತ್ತಿರ ಆ ಕ್ಯಾಸೆಟ್.

"ಇದು ಇನ್ನೂ ಓಡ್ತದಾ?" ಎಂದೆ.

"ಹೋದ ತಿಂಗಳವರೆಗೆ ಓಡಿಸಿದ್ದಾರೆ. ಪೆನ್‌ಡ್ರೈವ್ ತೆಗೊಳ್ಳಿ ಅಂತ ನಾನು ಎಷ್ಟು ಸಲ ಹೇಳಿದ್ದು. 'ಈ ಕ್ಯಾಸೆಟಿನದ್ದು ಎಷ್ಟು ತೇದಿದೆ ಅಂತ ನನ್ನ ಕಿವಿಗೆ ಗೊತ್ತುಂಟು, ಅದಕ್ಕೆ ಇದೇ ಆಗ್ಬೇಕು' ಅಂತ ಹೇಳ್ತಿದ್ರು." ಅವರು ಕುಂಯ್ ಎನ್ನುವ ಮೈಕನ್ನು ಒಮ್ಮೆ ತಟ್ಟಿದರು. "ಅವರಿದ್ದಿದ್ರೆ ಇವತ್ತು ನನ್ನ ಮಾನ ತೆಗೀತಿದ್ರು."

ನುಡಿನಮನಕ್ಕೆ ಕರೆದರು. ಮೊದಲ ಸಾಲಿನಲ್ಲಿ ಮೈಕಣ್ಣನ ಹೆಂಡತಿ, ಪಕ್ಕದಲ್ಲಿ ಮಗಳು. ಫೋಟೋದ ಹತ್ತಿರ ನನ್ನ ಲೇಖನ ಹೊಳೆಯುತ್ತಿತ್ತು. ನಾನು ಬರೆದುಕೊಂಡು ಹೋದ ಹಾಳೆಯಲ್ಲಿ ಬೆರಳಿನ ಕಥೆ, ಮುಖ್ಯ ಅತಿಥಿಯ ಕಥೆ ಇದ್ದವು. ಅವನ್ನು ಹೇಳಿದೆ, ಜನ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಾರ್ಡು ಕೈಯಲ್ಲಿತ್ತು.

"ಇದರಲ್ಲಿ ಒಂದು ತಪ್ಪುಂಟು," ಎಂದೆ. "ಅಚ್ಚಿನವರದ್ದಲ್ಲ, ನನ್ನದು. ಅವರು ಆ ದಿನ ಮಾಡುತ್ತಿದ್ದದ್ದು ಆಯುಧಪೂಜೆ. ನಾನು ಆರಾಧನೆ ಎಂದು ಬರೆದೆ. ಈ ಹಾಡುಗಳು ಅವರಿಗೆ ಇಷ್ಟವಿರಲಿಲ್ಲ. ಗೌರವ ಇತ್ತು."

ಕುಂಯ್ ಮಾತ್ರ ಕೇಳುತ್ತಿತ್ತು. ಮಗಳು ತಾಯಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆಯೇ, "ಹೌದಾ ಅಮ್ಮ?" ಎಂದಳು.

ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ಆ ದಿನ ಎರಡು ತಲೆನೋವಿನ ಮಾತ್ರೆ ತಿನ್ನುದು," ಎಂದರು. "ಒಂದು ಕೂರುವಾಗ, ಒಂದು ಎದ್ದ ಮೇಲೆ."

ಮೊದಲು ನಕ್ಕದ್ದು ಬಂಟ್ವಾಳದವರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ. ಮಗಳು ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದು ನನಗೆ ಭಯವಾಯಿತು. ಕೈ ತೆಗೆದಾಗ ಅಳು, ನಗು ಎರಡೂ ಇತ್ತು.

"ನನಗೊಂದು ಸಲ ಹೇಳ್ಬಹುದಿತ್ತಲ್ಲ ಅಮ್ಮ. ಹೋದ ವರ್ಷ ನಾನೂ ಒಂದು ಆಲ್ಬಂ ತಂದು ಕೊಟ್ಟೆ."

"ಅದಕ್ಕೇ ಹೇಳ್ಲಿಲ್ಲ."

ನಾನು ವೇದಿಕೆಯಿಂದ ಇಳಿದೆ. ಬಂಟ್ವಾಳದವರು ಕ್ಯಾಸೆಟನ್ನು ಕೈಯಲ್ಲಿ ಹಿಡಿದು ಕೇಳಿದರು. "ಹಾಗಾದ್ರೆ ಇದು ಬೇಡ ಅಲ್ವಾ ಅಕ್ಕ? ಊಟಕ್ಕೆ ಬೇರೆ ಏನಾದ್ರೂ ಹಾಕುವ?"

"ಊಟಕ್ಕೆ ಬೇಡ," ಎಂದರು ಮೈಕಣ್ಣನ ಹೆಂಡತಿ. "ಊಟ ಮಾಡಿಕೊಂಡು ಅವರು ಯಾವತ್ತೂ ಕೇಳಿದವರಲ್ಲ. ಈಗ ಹಾಕಿ. ಪೂರ್ತಿ. ಅವರು ಅಷ್ಟು ವರ್ಷ ಕೂತಿದ್ದಾರೆ, ನಾವು ಒಂದು ದಿನ ಕೂರುವ."

ಅಡುಗೆಯವರು ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಗಂಟೆ ಹನ್ನೆರಡೂವರೆ ದಾಟಿತ್ತು. ಯಾರೋ ಅವರಿಗೆ ಕೈಸನ್ನೆಯಲ್ಲಿ ಇನ್ನೊಂದು ಮುಕ್ಕಾಲು ಗಂಟೆ ಎಂದು ತಿಳಿಸಿದರು. ಅವರು ಸೌಟನ್ನು ಕೆಳಗಿಳಿಸಿ ಒಳಗೆ ಹೋದರು.

ಕ್ಯಾಸೆಟ್ ಶುರುವಾಯಿತು. ಡ್ರಮ್ಮು ಗೋಣಿ ಹೊದೆಸಿದ ಹಾಗೆ ಮಂಕಾಗಿತ್ತು. ಗಿಟಾರು ಎಲ್ಲೋ ಮುಂದಿನ ಊರಿನಲ್ಲಿ ಬಾರಿಸಿದಂತೆ. ಹಾಡುವವನ ಮಾತು ಒಂದೂ ತಿಳಿಯುತ್ತಿರಲಿಲ್ಲ. ಪೆಟ್ಟಿಗೆ ಕೆಟ್ಟಿದೆಯೇ ಎಂದು ಕೇಳಲು ಬಂಟ್ವಾಳದವರ ಕಡೆ ಬಾಗಿದೆ. ಅವರು ಕಣ್ಣು ಮುಚ್ಚಿ, ಒಂದು ಬೆರಳು ಎತ್ತಿ ನಿಂತಿದ್ದರು.

ಆ ಜಾಗ ಬಂತು. ಸಭೆಯಲ್ಲಿ ತಲೆಗಳು ತುಸು ಮೇಲೆದ್ದವು. ನನ್ನ ಪಕ್ಕದ ಮುದುಕರ ತುಟಿ ಹಲೋ ಎನ್ನಲು ತೆರೆದೇ ಬಿಟ್ಟಿತ್ತು. ಹಲೋ ಬರಲಿಲ್ಲ. ಹಾಡು ಮುಂದೆ ಹೋಯಿತು, ಮತ್ತು ಮುಂದೆ ಹೋದದ್ದೇ, ಯಾರೋ ಕಿಟಕಿ ತೆರೆದಂತೆ ಸ್ಪಷ್ಟವಾಯಿತು. ಡ್ರಮ್ಮಿಗೆ ಅಂಚು ಬಂತು, ತಂತಿ ಮಿಡಿದ ಉಗುರೂ ಕೇಳಿಸಿತು. ಸಾವಿರ ಸಲ ಓಡಿ ತೇದದ್ದು ಆ ಒಂದು ನಿಮಿಷ ನಲವತ್ತು ಸೆಕೆಂಡು ಮಾತ್ರ. ಅಲ್ಲಿಂದಾಚೆಗಿನ ಟೇಪು ವರ್ಷಕ್ಕೊಮ್ಮೆಯಷ್ಟೇ ಓಡಿದ್ದು, ಹೊಸದಾಗಿಯೇ ಉಳಿದಿತ್ತು. ಬಂಟ್ವಾಳದವರ ಬೆರಳು ಇಳಿಯಲಿಲ್ಲ.

ಹಾಡು ಚೆನ್ನಾಗಿತ್ತೇ ಎಂದು ಕೇಳಿದರೆ, ನನಗೆ ಅಷ್ಟೇನೂ ಅನ್ನಿಸಲಿಲ್ಲ. ನಾಲ್ಕನೆಯದಕ್ಕೆ ನನಗೂ ತಲೆ ನೋಯತೊಡಗಿತು. ಸುತ್ತ ನೋಡಿದೆ. ಹಸಿದ ಜನ, ಕೈ ಮಡಿಲಲ್ಲಿಟ್ಟು ಕೂತಿದ್ದರು. ಒಂದು ಬದಿ ಮುಗಿದಾಗ ಮಗಳು ಎದ್ದು ಹೋಗಿ ಕ್ಯಾಸೆಟ್ ಮಗುಚಿ ಹಾಕಿ ಬಂದಳು.